‘ಮನಿಗಿ ಕರ್ಕೊಂಡ್ ಹೋಗ್ರಿ’ ಅಂದ ಮೇಲೆ: ಕೊನೆಗಾಲದ ಆರೈಕೆಯ ತರಬೇತಿ ಹೀಗೆ ಕೊಡಿ

2009ರಲ್ಲಿ ನಮ್ಮಪ್ಪನನ್ನು ಆಸ್ಪತ್ರೆಯಿಂದ ಸೇಡಂ ತಾಲ್ಲೂಕಿನ ನಮ್ಮೂರಿಗೆ ಕರೆತಂದೆವು. ಅನ್ನನಾಳದ ಕ್ಯಾನ್ಸರ್. ‘ಇನ್ನ ಮನಿಗಿ ಕರ್ಕೊಂಡ್ ಹೋಗ್ರಿ’ ಅಂದರು, ಅಷ್ಟೇ. ಒಂದು ಚೀಟಿ ಇಲ್ಲ, ಒಂದು ಮಾತಿಲ್ಲ. ಊರವರು ‘ಡಾಕ್ಟರು ಕೈ ಬಿಟ್ಟಾರ’ ಅಂದರು.

ನಾನು ಆಗ ನರ್ಸ್ ಆಗಿ ಐದು ವರ್ಷ ಆಗಿತ್ತು. ಸಲೈನ್ ಹಚ್ಚಲು ಬರುತ್ತಿತ್ತು, ಹೊಲಿಗೆ ಬಿಚ್ಚಲು ಬರುತ್ತಿತ್ತು, ಹೆರಿಗೆ ಮಾಡಿಸಲು ಬರುತ್ತಿತ್ತು. ಆದರೆ ಅಪ್ಪನ ತುಟಿ ಒಡೆದು ರಕ್ತ ಬಂದಾಗ ಏನು ಮಾಡಬೇಕು ಅಂತ ಗೊತ್ತಿರಲಿಲ್ಲ. ನಾಲಿಗೆಯ ಮೇಲೆ ಬಿಳಿ ಪದರ ಕಟ್ಟಿತ್ತು. ಅದು ಫಂಗಸ್, ಅದಕ್ಕೆ ಔಷಧ ಇದೆ ಅಂತ ಹೊಳೆಯಲೇ ಇಲ್ಲ. ಶಕ್ತಿ ಬರಲಿ ಅಂತ ಗಂಜಿ ಕುಡಿಸಿದೆ. ಅವರು ಕೆಮ್ಮಿ ಕೆಮ್ಮಿ ಕೈ ಅಡ್ಡ ಹಿಡಿದರು. ನಾನು ಆ ಕೈ ಸರಿಸಿ ಮತ್ತೆ ಚಮಚ ಇಟ್ಟೆ. ಹನ್ನೊಂದು ದಿನ ಹೀಗೇ ಹೋಯಿತು.

ಆ ಕೈ ಸರಿಸಿದ್ದು ನನಗೆ ಇವತ್ತಿಗೂ ನೆನಪಿದೆ. ಅದಕ್ಕೇ ಈ ತರಬೇತಿಗೆ ಇಳಿದೆ. ಕಲಬುರಗಿ, ಯಾದಗಿರಿ, ಬೀದರ್ ಕಡೆ ಆಶಾಗಳು, ನರ್ಸ್‌ಗಳು, ವೃದ್ಧಾಶ್ರಮದ ಆಯಾಗಳ ಜೊತೆ ಕೂತು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ತಾಲ್ಲೂಕಿನಲ್ಲಿ ನೀವೂ ಇಂಥ ಮೂರು ದಿನದ ತರಬೇತಿ ಮಾಡಬೇಕು ಅನ್ನುವುದು ನನ್ನ ಆಸೆ.

ಯಾರನ್ನು ಕರೆಯಬೇಕು

ಹದಿನೈದು ಜನ ಸಾಕು, ಇಪ್ಪತ್ತು ದಾಟಬೇಡಿ. ಬರೀ ನರ್ಸ್‌ಗಳನ್ನು ಕರೆದರೆ ಅದು ಇನ್ನೊಂದು ಕ್ಲಾಸ್ ಆಗಿಬಿಡುತ್ತದೆ. ಒಬ್ಬ ರೋಗಿಯ ಮನೆಗೆ ಯಾರು ಯಾರು ಹೋಗುತ್ತಾರೆ ಅಂತ ಯೋಚಿಸಿ, ಅವರನ್ನೆಲ್ಲ ಒಂದೇ ಕೋಣೆಯಲ್ಲಿ ಕೂರಿಸಿ. ಪಿಎಚ್‌ಸಿ ಸ್ಟಾಫ್ ನರ್ಸ್, ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿ (ಸಿಎಚ್‌ಒ), ಆಶಾ, ಪಂಚಾಯಿತಿಯಲ್ಲಿ ಅಂಗವಿಕಲರ ಕೆಲಸ ನೋಡುವ ವಿಆರ್‌ಡಬ್ಲ್ಯೂ, ವೃದ್ಧಾಶ್ರಮದ ಆಯಾ. ಜೊತೆಗೆ ಆಂಬುಲೆನ್ಸ್ ಡ್ರೈವರ್. ಡ್ರೈವರ್ ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ‘ಮನಿಗಿ ಕರ್ಕೊಂಡ್ ಹೋಗ್ರಿ’ ಅಂದ ಮೇಲೆ ಆ ಮನೆಯವರ ಜೊತೆ ಎರಡು ಮೂರು ತಾಸು ಇರುವವನು ಅವನೊಬ್ಬನೇ ಅಲ್ವಾ?

ದಿನ ನೋಡಿ ಇಟ್ಟುಕೊಳ್ಳಿ. ತೊಗರಿ ರಾಶಿ ನಡೆಯುವಾಗ ಆಶಾಗಳ ಮನಸ್ಸು ಹೊಲದಲ್ಲಿರುತ್ತದೆ. ಏಪ್ರಿಲ್-ಮೇನಲ್ಲಿ ಮಾಡಿದರೆ ಬೆಳಿಗ್ಗೆ ಎಂಟಕ್ಕೆ ಶುರು ಮಾಡಿ ಒಂದಕ್ಕೆ ಮುಗಿಸಿ. 42-43 ಡಿಗ್ರಿಯಲ್ಲಿ ಮಧ್ಯಾಹ್ನ ಯಾರ ತಲೆಗೂ ಏನೂ ಹೋಗುವುದಿಲ್ಲ. ಬಸ್ ಚಾರ್ಜು ಮತ್ತು ಊಟ ಕಡ್ಡಾಯವಾಗಿ ಕೊಡಿ. ಈಗಾಗಲೇ ಹತ್ತು ಕೆಲಸ ಹೊತ್ತ ಆಶಾಗೆ ಹನ್ನೊಂದನೆಯದನ್ನು ಹೊರಿಸುತ್ತಿದ್ದೇವೆ. ಅದನ್ನು ಮೊದಲೇ ಅವಳ ಮುಂದೆ ಒಪ್ಪಿಕೊಳ್ಳುವುದು ಮರ್ಯಾದೆ.

ಪ್ರೊಜೆಕ್ಟರ್ ಬೇಡ. ಎರಡು ಮಂಚ ಇರುವ ಕೋಣೆ ಬೇಕು.

ಮೊದಲ ದಿನ: ಅವರ ಮಾತು ಮೊದಲು

ವೃತ್ತವಾಗಿ ಕೂರಿಸಿ, ಒಂದೇ ಪ್ರಶ್ನೆ ಕೇಳಿ: ‘ನೀವು ಹತ್ತಿರದಿಂದ ನೋಡಿದ ಒಂದು ಸಾವು ಹೆಂಗಿತ್ತು?’ ಹೇಳಲೇಬೇಕು ಅಂತ ಒತ್ತಾಯ ಬೇಡ. ಯಾರಾದರೂ ಅಳುತ್ತಾರೆ, ಅದು ಸಹಜ. ಆಗ ಪಕ್ಕದಲ್ಲಿ ಹೋಗಿ ಕೂರಲು ಒಬ್ಬ ಹಿರಿಯ ಸಿಸ್ಟರ್ ಸಿದ್ಧವಾಗಿರಲಿ. ಈ ಒಂದು ತಾಸಿನಲ್ಲಿ ನಿಮ್ಮ ಪಾಠವೆಲ್ಲ ಅವರ ಬಾಯಿಂದಲೇ ಬರುತ್ತದೆ. ಒಬ್ಬಳು ‘ನಮ್ಮತ್ತಿಗಿ ನೋವಿತ್ತು, ಗುಳಿಗಿ ಸಿಗಲಿಲ್ಲ’ ಅನ್ನುತ್ತಾಳೆ. ಇನ್ನೊಬ್ಬಳು ‘ಮುತ್ಯಾನ ಗಾಯ ವಾಸನೆ ಬರ್ತಿತ್ತು, ಯಾರೂ ಹತ್ರ ಹೋಗ್ತಿರಲಿಲ್ಲ’ ಅನ್ನುತ್ತಾಳೆ. ಎಲ್ಲವನ್ನೂ ಬೋರ್ಡ್ ಮೇಲೆ ಬರೆಯಿರಿ. ಮೂರು ದಿನ ಆ ಬೋರ್ಡ್ ಅಳಿಸಬೇಡಿ.

ಆಮೇಲೆ ಹೆಸರು ಹೇಳಿ. ಪಾಲಿಯೇಟಿವ್ ಕೇರ್ ಅನ್ನುತ್ತಾರೆ, ನಾನು ‘ನೋವು ಕಳೆಯುವ ಆರೈಕೆ’ ಅನ್ನುತ್ತೇನೆ. ಇದು ಬರೀ ಕ್ಯಾನ್ಸರ್‌ಗೆ ಅಲ್ಲ. ಕಿಡ್ನಿ ಹೋದವರು, ಹೃದಯ ಸೋತವರು, ದಮ್ಮಿನಿಂದ ಮಲಗಿದವರು, ಲಕ್ವಾ ಹೊಡೆದವರು, ಮರೆವಿನ ಕಾಯಿಲೆಯವರು, ಎಲ್ಲರಿಗೂ ಬೇಕು. ಯಾರಿಗೆ ಬೇಕು ಅಂತ ಗುರುತಿಸಲು ಒಂದು ಸರಳ ಪ್ರಶ್ನೆ ಇದೆ. ‘ಇವರು ಇನ್ನೊಂದು ವರ್ಷದೊಳಗೆ ತೀರಿಕೊಂಡರೆ ನನಗೆ ಆಶ್ಚರ್ಯ ಆಗುತ್ತಾ?’ ಆಗಲ್ಲ ಅನಿಸಿದರೆ ಅವರ ಹೆಸರು ಪಟ್ಟಿಗೆ ಸೇರಿಸಿ. ಮನೆಯವರ ಮುಂದೆ ಮಾತ್ರ ಈ ಪ್ರಶ್ನೆ ಕೇಳಿಕೊಳ್ಳಬೇಡಿ.

ಇತಿಹಾಸಕ್ಕೆ ಹತ್ತು ನಿಮಿಷ ಸಾಕು. ಆದರೆ ಸಿಸಿಲಿ ಸಾಂಡರ್ಸ್ ಬಗ್ಗೆ ಖಂಡಿತ ಹೇಳಿ. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್, ಅಂದರೆ ಕೊನೆಗಾಲದ ರೋಗಿಗಳ ಆರೈಕೆಯ ಮನೆ, ತೆರೆದವರು. ಅವರು ಮೊದಲು ನರ್ಸ್, ಆಮೇಲೆ ಆಸ್ಪತ್ರೆಯ ಸಮಾಜ ಕಾರ್ಯಕರ್ತೆ, ಕೊನೆಗೆ ಡಾಕ್ಟರ್. ಇದನ್ನು ಹೇಳಿದಾಗ ಕೋಣೆಯಲ್ಲಿ ನರ್ಸ್‌ಗಳ ಬೆನ್ನು ನೆಟ್ಟಗಾಗುವುದನ್ನು ನಾನು ನೋಡಿದ್ದೇನೆ. ನಮ್ಮ ಹತ್ತಿರದ ಉದಾಹರಣೆ ಕೇರಳ. 1993ರಲ್ಲಿ ಕೋಝಿಕ್ಕೋಡ್‌ನಲ್ಲಿ ಡಾ. ಎಂ.ಆರ್. ರಾಜಗೋಪಾಲ್ ಮತ್ತು ಡಾ. ಸುರೇಶ್ ಕುಮಾರ್ ಜೊತೆಗೂಡಿ ಕಟ್ಟಿದ ಸಂಸ್ಥೆಯಿಂದ ಇದು ಊರೂರಿಗೆ ಹಬ್ಬಿತು. ಓಣಿಯ ಜನರೇ ಸ್ವಯಂಸೇವಕರಾದರು. 2008ರಲ್ಲಿ ಕೇರಳ ಸರ್ಕಾರ ಇದಕ್ಕೆ ಒಂದು ನೀತಿಯನ್ನೇ ತಂದಿತು. ಬೆಂಗಳೂರಿನ ಕರುಣಾಶ್ರಯದಂಥ ಹಾಸ್ಪೈಸ್ ನಮಗೆ ಸುಮಾರು 600 ಕಿಲೋಮೀಟರ್ ದೂರ. ನಮ್ಮವರಿಗೆ ಮನೆಯೇ ಆಸ್ಪತ್ರೆ.

ಸಾಂಡರ್ಸ್ ಹೇಳಿದ ‘ಒಟ್ಟು ನೋವು’ ಅನ್ನುವ ಮಾತನ್ನು ಮಾತ್ರ ನಿಧಾನವಾಗಿ ಕಲಿಸಿ. ನೋವು ಮೈಯದ್ದು, ಮನಸ್ಸಿನದ್ದು, ಮನೆತನದ್ದು, ದೇವರ ಜೊತೆಗಿನ ಜಗಳದ್ದೂ ಇರುತ್ತದೆ. ಚಿತ್ತಾಪುರ ಕಡೆ ಫರಸಿ ಕಲ್ಲಿನ ಗಣಿಯಲ್ಲಿ ದುಡಿದ ಒಬ್ಬರಿಗೆ ಗುಳಿಗೆ ಜಾಸ್ತಿ ಮಾಡಿದರೂ ರಾತ್ರಿ ನೋವು ಇಳಿಯುತ್ತಿರಲಿಲ್ಲ. ಆಶಾ ಕೂತು ಕೇಳಿದಾಗ ಗೊತ್ತಾಯಿತು: ಒಬ್ಬರ ಹತ್ತಿರ ಕೈಗಡ ತಂದಿದ್ದು ಹೆಂಡತಿಗೆ ಹೇಳಿರಲಿಲ್ಲ. ಹೇಳಿಸಿದೆವು. ಹೆಂಡತಿ ಬೈದರು, ಅತ್ತರು. ಅವತ್ತು ರಾತ್ರಿ ಅವರು ನಿದ್ದೆ ಮಾಡಿದರು.

ನೋವು ಅಳೆಯುವುದು, ಗುಳಿಗೆ ಕೊಡುವುದು

‘ಸೊನ್ನೆಯಿಂದ ಹತ್ತರಲ್ಲಿ ಎಷ್ಟು?’ ಅಂತ ಕೇಳಿದರೆ ನಮ್ಮ ಹಿರಿಯರು ಮುಖ ನೋಡುತ್ತಾರೆ. ನಾನು ‘ಮುತ್ಯಾ, ರೂಪಾಯಿಗಿ ಎಷ್ಟಾಣೆ ನೋವದ?’ ಅಂತ ಕೇಳುತ್ತೇನೆ. ತಕ್ಷಣ ಉತ್ತರ ಬರುತ್ತದೆ. ‘ನಿನ್ನಿ ಹನ್ನೆರಡಾಣೆ ಇತ್ತು, ಈಗ ನಾಕಾಣೆ.’ ಮಾತು ನಿಂತವರಲ್ಲಿ ಹುಬ್ಬು, ಮುಷ್ಟಿ, ನರಳಾಟ ನೋಡಬೇಕು. ಮಗ್ಗುಲು ಬದಲಿಸುವಾಗ ಮುಖ ಹೇಗಾಗುತ್ತದೆ ಅಂತ ಗಮನಿಸಬೇಕು.

ನೋವಿನ ಔಷಧಕ್ಕೆ ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲಿ ಮೂರು ಮೆಟ್ಟಿಲು ಹೇಳಿತು. ಮೊದಲು ಪ್ಯಾರಾಸಿಟಮಾಲ್‌ನಂಥವು, ಆಮೇಲೆ ಟ್ರಮಡಾಲ್‌ನಂಥವು, ಜೋರು ನೋವಿಗೆ ಮಾರ್ಫಿನ್. ಮಾರ್ಫಿನ್ ಬಗ್ಗೆ ಹೆದರಿಕೆ ಮನೆಯವರಿಗಿಂತ ಸಿಬ್ಬಂದಿಗೇ ಜಾಸ್ತಿ. ಆ ಹೆದರಿಕೆ ತೆಗೆಯಲು ಒಂದು ಪೂರ್ತಿ ತಾಸು ಇಡಿ. ಡಾಕ್ಟರ್ ಬರೆದಂತೆ ಕೊಟ್ಟರೆ ಇದು ಚಟ ಹಿಡಿಸುವುದು ತೀರಾ ಅಪರೂಪ, ಸಾವನ್ನು ಬೇಗ ತರುವುದೂ ಇಲ್ಲ. ಇದು ನೋವು ಬಂದಾಗ ಕೊಡುವ ಗುಳಿಗೆ ಅಲ್ಲ, ನೋವು ಬಾರದ ಹಾಗೆ ಗಡಿಯಾರ ನೋಡಿ ಕೊಡುವ ಗುಳಿಗೆ. ಸಾದಾ ಮಾರ್ಫಿನ್ ಗುಳಿಗೆ ನಾಲ್ಕು ತಾಸಿಗೊಮ್ಮೆ. ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10. ನಡುರಾತ್ರಿ ಎಬ್ಬಿಸಬಾರದು ಅಂತ ರಾತ್ರಿಯದನ್ನು ಡಾಕ್ಟರ್ ಸಾಮಾನ್ಯವಾಗಿ ಎರಡರಷ್ಟು ಬರೆಯುತ್ತಾರೆ. ಓದಲು ಬಾರದ ಮನೆಯಲ್ಲಿ ಹಾಳೆಯ ಮೇಲೆ ಹುಟ್ಟುವ ಸೂರ್ಯ, ನೆತ್ತಿಯ ಸೂರ್ಯ, ಮುಳುಗುವ ಸೂರ್ಯ, ಚಂದ್ರನ ಚಿತ್ರ ಬರೆದು ಪಕ್ಕದಲ್ಲಿ ಗುಳಿಗೆ ಅಂಟಿಸಿ ತೋರಿಸಿ.

ಮೂರು ವಿಷಯ ಬಾಯಿಪಾಠ ಆಗಬೇಕು. ಮಾರ್ಫಿನ್ ಶುರುವಾದ ದಿನವೇ ಸಂಡಾಸ ಸಲೀಸಾಗುವ ಔಷಧವೂ ಶುರುವಾಗಬೇಕು. ಇಲ್ಲದಿದ್ದರೆ ಗಟ್ಟಿಯಾಗಿ, ಹೊಟ್ಟೆ ಉಬ್ಬಿ ಅದೇ ಇನ್ನೊಂದು ನೋವಾಗುತ್ತದೆ. ಮೊದಲ ಎರಡು ಮೂರು ದಿನ ಮಂಪರು, ವಾಕರಿಕೆ ಇರಬಹುದು. ಎಬ್ಬಿಸಿದರೂ ಏಳದಷ್ಟು ಮಂಪರಿದ್ದರೆ, ಉಸಿರು ತೀರಾ ನಿಧಾನವಾದರೆ, ಮುಂದಿನ ಗುಳಿಗೆ ನಿಲ್ಲಿಸಿ ತಕ್ಷಣ ಡಾಕ್ಟರಿಗೆ ಫೋನ್ ಮಾಡಬೇಕು. ಕಿಡ್ನಿ ಹಾಳಾದವರಲ್ಲಿ ಇನ್ನೂ ಹುಷಾರು. ಪ್ರಮಾಣ ಬದಲಿಸುವುದು ಡಾಕ್ಟರ ಕೆಲಸ, ನಮ್ಮದಲ್ಲ.

ಮಾರ್ಫಿನ್ ಎಲ್ಲ ಔಷಧ ಅಂಗಡಿಯಲ್ಲಿ ಸಿಗುವುದಿಲ್ಲ. 2014ರಲ್ಲಿ ಮಾದಕ ವಸ್ತುಗಳ ಕಾಯ್ದೆಗೆ (ಎನ್‌ಡಿಪಿಎಸ್) ತಿದ್ದುಪಡಿ ಬಂದ ಮೇಲೆ ಹಲವು ಲೈಸೆನ್ಸಿನ ತಾಪತ್ರಯ ಇಲ್ಲ. ರಾಜ್ಯದ ಔಷಧ ನಿಯಂತ್ರಕರಿಂದ ಮಾನ್ಯತೆ ಪಡೆದ ಆಸ್ಪತ್ರೆ ಇಟ್ಟುಕೊಳ್ಳಬಹುದು. ತರಬೇತಿಗೆ ಮೊದಲೇ ನಿಮ್ಮ ಜಿಲ್ಲೆಯಲ್ಲಿ ಎಲ್ಲಿ ಸಿಗುತ್ತದೆ ಅಂತ ವಿಚಾರಿಸಿ. ಕಲಬುರಗಿಯಲ್ಲಿ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಕೇಂದ್ರ ಇದೆ, ಸರ್ಕಾರಿ ವೈದ್ಯಕೀಯ ಕಾಲೇಜು ಜಿಮ್ಸ್ ಇದೆ. ಅಂಥದ್ದೇ ಕಾಲೇಜು ಬೀದರ್‌ನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್. ಅಲ್ಲಿಂದ ಶುರು ಮಾಡಿ ಒಂದೊಂದೇ ಕಡೆ ಕೇಳಿ. ಎಲ್ಲಿ ಸಿಗುತ್ತದೆ ಅಂತ ಹೇಳದೆ ಮಾರ್ಫಿನ್ ಪಾಠ ಮಾಡಿದರೆ ಸುಮ್ನೆ ಹಸಿದವನಿಗೆ ಅಡುಗೆ ಹೇಳಿಕೊಟ್ಟ ಹಾಗೆ.

ಎರಡನೆಯ ದಿನ: ಬಾಯಿ

ಇಡೀ ತರಬೇತಿಯಲ್ಲಿ ನಾನು ಅತಿ ಜಾಸ್ತಿ ಹೊತ್ತು ಕೊಡುವುದು ಬಾಯಿಗೆ. ಜೋಡಿ ಮಾಡಿ. ಒಬ್ಬರು ಮಂಚದ ಮೇಲೆ ಮಲಗಲಿ, ಫ್ಯಾನ್ ಹಾಕಿ, ಐದು ನಿಮಿಷ ಬಾಯಿ ತೆರೆದು ಬಾಯಿಂದಲೇ ಉಸಿರಾಡಲಿ. ಮಾತಾಡುವಂತಿಲ್ಲ, ಉಗುಳು ನುಂಗುವಂತಿಲ್ಲ. ಮೂರನೆಯ ನಿಮಿಷಕ್ಕೇ ಕೈ ಎತ್ತುತ್ತಾರೆ. ಕೊನೆಯ ದಿನಗಳಲ್ಲಿ ರೋಗಿ ಇಡೀ ದಿನ ಹೀಗೇ ಇರುತ್ತಾರೆ ಅಂತ ಆಗ ಹೇಳಿ.

ಈಗ ಜೊತೆಗಾರರ ಸರದಿ. ಒಂದು ಲೋಟ ಕಾಯಿಸಿ ಆರಿಸಿದ ನೀರಿಗೆ ಕಾಲು ಚಮಚ ಉಪ್ಪು. ಮಕ್ಕಳ ಮೆತ್ತನೆ ಬ್ರಷ್, ಇಲ್ಲವೇ ಹಳೆಯ ಕಾಟನ್ ಸೀರೆಯ ಒಗೆದ ತುಂಡು. ತಲೆ ಸ್ವಲ್ಪ ಎತ್ತರಿಸಿ, ಮುಖ ಒಂದು ಪಕ್ಕಕ್ಕೆ ಹೊರಳಿಸಿ, ಕೆನ್ನೆಯ ಕೆಳಗೆ ಟವೆಲ್. ಹಲ್ಲಿನ ಸೆಟ್ ಇದ್ದರೆ ತೆಗೆಯಿರಿ. ಬ್ರಷ್ ಅದ್ದಿ ಎರಡು ಸಲ ಜಾಡಿಸಿ. ಹನಿ ಗಂಟಲಿಗೆ ಇಳಿಯಬಾರದು. ಮೊದಲು ತುಟಿ, ಆಮೇಲೆ ಕೆನ್ನೆಯ ಒಳಗೆ, ವಸಡು, ಕೊನೆಗೆ ನಾಲಿಗೆ, ಹಿಂದಿನಿಂದ ಮುಂದಕ್ಕೆ. ಹಲ್ಲಿನ ನಡುವೆ ಬೆರಳು ಇಡಬೇಡಿ, ಕಚ್ಚಿಬಿಡುತ್ತಾರೆ. ಬಿಳಿ ಪದರ ಕಂಡರೆ ಕೆರೆಯಬೇಡಿ, ಡಾಕ್ಟರಿಗೆ ಹೇಳಿ. ಕೊನೆಗೆ ತುಟಿಗೆ ಒಂದು ಬೆರಳು ತುಪ್ಪ. ಎರಡು ತಾಸಿಗೊಮ್ಮೆ ಇಷ್ಟು ಮಾಡಬೇಕು.

ನಮ್ಮ ಕಡೆ ಗುಟ್ಕಾ ತಿಂದು ಬಾಯಿ ಎರಡು ಬೆರಳಷ್ಟೂ ತೆರೆಯದವರು ಸಿಗುತ್ತಾರೆ. ಎಚ್ಚರ ಇದ್ದು ನುಂಗಲು ಬರುತ್ತಿದ್ದರೆ, ಸೂಜಿ ಇಲ್ಲದ ಸಿರಿಂಜಿನಿಂದ ಕೆನ್ನೆಯೊಳಗೆ ಹನಿ ಹನಿ ಬಿಡಿ. ಒತ್ತಾಯದಿಂದ ದವಡೆ ತೆರೆಯಬೇಡಿ.

ಇದರ ಬೆನ್ನಿಗೇ ಊಟದ ಮಾತು ತೆಗೆಯಿರಿ. ಮನೆಯವರ ದೊಡ್ಡ ಸಂಕಟ ಇದೇ. ‘ಉಪವಾಸ ಕೆಡವಿ ಸಾಯಿಸಿದ್ರು ಅಂತಾರ ಜನ’ ಅನ್ನುತ್ತಾಳೆ ಸೊಸೆ. ‘ಒಂದ್ ಸಲೈನ್ ಹಚ್ರಿ’ ಅನ್ನುತ್ತಾನೆ ಮಗ. ಸಿಬ್ಬಂದಿಗೆ ಮೊದಲು ಇದು ತಿಳಿಯಬೇಕು: ಊಟ ಬಿಟ್ಟದ್ದಕ್ಕೆ ಅವರು ಸಾಯುತ್ತಿಲ್ಲ, ದೇಹ ಮುಗಿಯುತ್ತಾ ಬಂದದ್ದಕ್ಕೆ ಊಟ ಬಿಟ್ಟಿದ್ದಾರೆ. ಕೊನೆಯ ದಿನಗಳಲ್ಲಿ ಸಲೈನ್ ಹಚ್ಚಿದರೆ ನೀರು ಕೈಕಾಲಿಗೆ ಇಳಿದು ಬಾವು ಬರಬಹುದು, ಎದೆಯಲ್ಲಿ ಕಫ ಹೆಚ್ಚಬಹುದು. ಆದರೆ ‘ಬ್ಯಾಡ’ ಅಂತ ಹೇಳಿ ಎದ್ದು ಬರಬೇಡಿ. ಆ ಮಗನ ಕೈಗೆ ಒಂದು ಕೆಲಸ ಕೊಡಿ. ‘ಕಾಕಾ, ಬಟ್ಟಿ ಹಿಂಗ ಅದ್ದಿ ತುಟಿಗಿ ಹಚ್ರಿ, ನೀವು ಹಚ್ಚಿದ್ರ ಅವರಿಗಿ ಗೊತ್ತಾಗ್ತದ.’ ಬಾಯಿಗೆ ನೀರು ಬಿಡುವುದು ನಮ್ಮಲ್ಲಿ ದೊಡ್ಡ ಋಣ. ಅದನ್ನು ಕೊನೆಯ ಉಸಿರಿನ ತನಕ ಕಾಯಿಸಬೇಕಾಗಿಲ್ಲ.

ಗಾಯ ಮತ್ತು ಬೆಡ್ ಸೋರ್ (ಮಲಗಿದಲ್ಲೇ ಆಗುವ ಹುಣ್ಣು) ಬಗ್ಗೆ ನರ್ಸ್‌ಗಳಿಗೆ ಅರ್ಧ ಗೊತ್ತಿರುತ್ತದೆ, ಹಾಗಾಗಿ ಬೇಗ ಮುಗಿಸುತ್ತೇನೆ. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಿ. ಕೆಂಪಾದ ಜಾಗ ಉಜ್ಜಬೇಡಿ. ಅರ್ಧ ಲೀಟರ್ ನೀರಿಗೆ ಒಂದು ಟೀ ಚಮಚ ಉಪ್ಪು ಹಾಕಿ ಕುದಿಸಿ ಆರಿಸಿ ಗಾಯ ತೊಳೆಯಿರಿ. ವಾಸನೆ ಬರುವ ಕ್ಯಾನ್ಸರ್ ಗಾಯಕ್ಕೆ ಮೆಟ್ರೊನಿಡಜೋಲ್ ಗುಳಿಗೆ ಪುಡಿ ಮಾಡಿ ಉದುರಿಸಲು ಡಾಕ್ಟರ್ ಹೇಳುತ್ತಾರೆ, ಎರಡು ಮೂರು ದಿನದಲ್ಲಿ ವಾಸನೆ ಇಳಿಯುತ್ತದೆ. ವಾಸನೆ ಇಳಿದರೆ ಮೊಮ್ಮಕ್ಕಳು ಮತ್ತೆ ಹತ್ತಿರ ಬರುತ್ತಾರೆ.

ಮಾತು, ಮತ್ತೆ ಮಾತಾಡದಿರುವುದು

ಇದನ್ನು ನಾಟಕ ಮಾಡಿಸಿಯೇ ಕಲಿಸಬೇಕು. ಒಬ್ಬಳು ಮಗ, ಒಬ್ಬಳು ತಾಯಿ, ಒಬ್ಬಳು ಆಶಾ. ಮಗ ಬಾಗಿಲ ಹೊರಗೆ ತಡೆಯುತ್ತಾನೆ: ‘ಸಿಸ್ಟರ್, ಅವ್ವಗ ಏನೂ ಹೇಳಬ್ಯಾಡ್ರಿ. ಕೇಳಿದ್ರ ಎದಿ ಒಡ್ಕೋತಾಳ.’ ಒಳಗೆ ತಾಯಿ ಕೈ ಹಿಡಿದು ಕೇಳುತ್ತಾಳೆ: ‘ಯವ್ವಾ, ನನಗ ಏನಾಗ್ಯದ? ಇವರ್ಯಾರೂ ಬಾಯಿ ಬಿಡವಲ್ರು.’

ಈಗ ಆಶಾ ಏನು ಹೇಳಬೇಕು? ಹತ್ತರಲ್ಲಿ ಒಂಬತ್ತು ಜನ ‘ಏನೂ ಆಗಿಲ್ಲ, ಧೈರ್ಯ ತಗೋರಿ’ ಅನ್ನುತ್ತಾರೆ. ಅಲ್ಲಿ ನಿಲ್ಲಿಸಿ. ತಾಯಿ ಆದವಳನ್ನು ‘ಹೆಂಗ ಅನಿಸ್ತು?’ ಅಂತ ಕೇಳಿ. ‘ಮತ್ತ ಒಂಟಿ ಆದಂಗ ಅನಿಸ್ತು’ ಅಂದಳು ಒಬ್ಬಳು ಒಂದು ಸಲ. ಅವಳು ಬರೀ ಪಾತ್ರ ಮಾಡಿದ್ದಳು.

ನಾನು ಕಲಿಸುವುದು ಇಷ್ಟು. ಮಗನಿಗೆ ಮೊದಲು ಹೇಳಿ: ‘ನಾ ಆಗಿ ಏನೂ ಹೇಳಲ್ಲ. ಅವರೇ ಕೇಳಿದ್ರ ಸುಳ್ಳೂ ಹೇಳಲ್ಲ.’ ಒಳಗೆ ಹೋಗಿ ನಿಂತು ಮಾತಾಡಬೇಡಿ, ಕೂರಿ. ಫೋನ್ ಚೀಲದಲ್ಲಿರಲಿ. ‘ನಿಮಗ ಏನ್ ಅನಿಸ್ತದ ಆಯಿ?’ ಅಂತ ಕೇಳಿ, ಸುಮ್ಮನಿರಿ. ‘ನಾ ಉಳಿಯಲ್ಲ ಅನಿಸ್ತದ’ ಅಂದರೆ ‘ಹಂಗ ಅನಬ್ಯಾಡ್ರಿ’ ಅನ್ನಬೇಡಿ. ‘ಹಂಗ ಅನಿಸಿದಾಗ ಯಾವುದರ ಚಿಂತಿ ಜಾಸ್ತಿ ಆಗ್ತದ?’ ಅಂತ ಕೇಳಿ. ಸಣ್ಣ ಮಗಳ ಬಾಣಂತನ ಅನ್ನಬಹುದು, ಗೂಟದ ಎಮ್ಮೆ ಅನ್ನಬಹುದು. ಅಲ್ಲಿಂದ ದಾರಿ ತೆರೆಯುತ್ತದೆ.

ಒಂದು ನಿಮಿಷ ಸುಮ್ಮನೆ ಕೂರುವ ಅಭ್ಯಾಸವನ್ನೂ ಮಾಡಿಸಿ, ಗಡಿಯಾರ ಹಿಡಿದು. ಮೊದಲ ಸಲ ಯಾರಿಗೂ ಆಗುವುದಿಲ್ಲ. ಮೂರನೆಯ ದಿನ ಆಗುತ್ತದೆ.

ಮೂರನೆಯ ದಿನ: ಕೊನೆಯ ಗಂಟೆಗಳು

ಕೈಕಾಲು ತಣ್ಣಗಾಗುತ್ತವೆ, ಚರ್ಮದ ಮೇಲೆ ನೀಲಿ ಮಚ್ಚೆ ಮೂಡುತ್ತವೆ. ನಿದ್ದೆ ಜಾಸ್ತಿ. ಉಸಿರು ನಿಂತು ನಿಂತು ಬರುತ್ತದೆ. ಗಂಟಲಲ್ಲಿ ಗೊರಗೊರ ಸದ್ದು. ಮನೆಯವರು ಈ ಸದ್ದಿಗೇ ಜಾಸ್ತಿ ಹೆದರುತ್ತಾರೆ. ಪಕ್ಕಕ್ಕೆ ಮಲಗಿಸಿ, ತಲೆ ಸ್ವಲ್ಪ ಎತ್ತರಿಸಿ. ಗಂಟಲಾಳಕ್ಕೆ ಕಫ ಎಳೆಯುವ ಸಕ್ಷನ್ ಪೈಪ್ ಹಾಕಬೇಡಿ. ಬೇಕಾದರೆ ಡಾಕ್ಟರ್ ಇಂಜೆಕ್ಷನ್ ಬರೆಯುತ್ತಾರೆ. ಅವರಿಗೆ ಕೇಳಿಸುತ್ತಿರಬಹುದು ಅಂದುಕೊಂಡೇ ಮಾತಾಡಲು ಹೇಳಿ. ಕಾಲ ಬುಡದಲ್ಲಿ ಕೂತು ಆಸ್ತಿ ಹಂಚಿಕೆ ಮಾತಾಡುವವರನ್ನು ಮೆಲ್ಲಗೆ ಹೊರಗೆ ಚಹಾಕ್ಕೆ ಕರೆದೊಯ್ಯಿರಿ.

ಮನೆಯ ಪದ್ಧತಿ ಮೊದಲೇ ಕೇಳಿಟ್ಟುಕೊಳ್ಳಿ. ಲಿಂಗಾಯತರ ಮನೆಯಲ್ಲಿ ಕೂತ ಭಂಗಿಯಲ್ಲಿ ಸಮಾಧಿ ಮಾಡುತ್ತಾರೆ, ಹಾಗಾಗಿ ದೇಹ ಬಿಗಿಯುವ ಮೊದಲೇ ಕೂರಿಸಬೇಕು. ಸಿರಿಂಜು, ಪೈಪು ಬೇಗ ತೆಗೆದುಕೊಡಿ. ಮುಸ್ಲಿಮರ ಮನೆಯಲ್ಲಿ ಮುಖ ಕಿಬ್ಲಾ (ಮೆಕ್ಕಾ ದಿಕ್ಕು) ಕಡೆ ತಿರುಗಿಸುತ್ತಾರೆ, ಕಲ್ಮಾ ಓದುತ್ತಾರೆ, ದಫನ್ ತಡ ಮಾಡುವುದಿಲ್ಲ. ಬೌದ್ಧರ ಮನೆಯಲ್ಲಿ ತ್ರಿಶರಣ ಹೇಳುತ್ತಾರೆ. ಲಂಬಾಣಿ ತಾಂಡಾದಲ್ಲಿ ಅಲ್ಲಿನ ನಾಯಕರನ್ನು ಕೇಳಿ. ನಿಮಗೆ ಗೊತ್ತು ಅಂದುಕೊಳ್ಳಬೇಡಿ. ಒಂದೇ ಓಣಿಯ ಎರಡು ಮನೆಯಲ್ಲಿ ಎರಡು ರೀತಿ ಇರುತ್ತದೆ.

ಕಾನೂನು ಎರಡು ಮಾತಲ್ಲಿ. ಇನ್ನು ಗುಣವಾಗುವುದಿಲ್ಲ ಅನ್ನುವ ಸ್ಥಿತಿಯಲ್ಲಿ ವೆಂಟಿಲೇಟರ್‌ನಂಥದ್ದು ಬೇಡ ಅಂತ ಮೊದಲೇ ಬರೆದಿಡುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿತು, 2023ರಲ್ಲಿ ಸರಳ ಮಾಡಿತು: ಇಬ್ಬರು ಸಾಕ್ಷಿ, ಜೊತೆಗೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ. ಕರ್ನಾಟಕ ಸರ್ಕಾರವೂ 2025ರ ಜನವರಿಯಲ್ಲಿ ಇದಕ್ಕೆ ಆದೇಶ ಹೊರಡಿಸಿತು. ಇದು ಇಂಜೆಕ್ಷನ್ ಕೊಟ್ಟು ಸಾಯಿಸುವುದಲ್ಲ ಅಂತ ಒತ್ತಿ ಹೇಳಿ. ಮನೆಯಲ್ಲಿ ತೀರಿಕೊಂಡರೆ 21 ದಿನದೊಳಗೆ ಮರಣ ನೋಂದಣಿ ಆಗಬೇಕು, ಅದನ್ನೂ ನೆನಪಿಸಿ. ಪಿಂಚಣಿ, ಜಮೀನಿನ ಕಾಗದ ಎಲ್ಲಕ್ಕೂ ಅದೇ ಬೇಕಾಗುತ್ತದೆ.

ದಿನಕರ್ಮ ಮುಗಿದ ಮೇಲೆ ಒಂದು ಸಲ ಆ ಮನೆಗೆ ಹೋಗಿ ಬರಲು ಹೇಳಿ. ಔಷಧ ಇಲ್ಲ, ರಿಜಿಸ್ಟರ್ ಇಲ್ಲ, ಸುಮ್ನೆ ಹೋಗಿ ಕೂತು ಬರುವುದು. ಹೋಗಿ ಬಂದವಳನ್ನು ನೀವು ಕೇಳಿ: ‘ನಿನಗ ಹೆಂಗದ?’

ತಿಂಗಳಾದ ಮೇಲೆ

ಮತ್ತೆ ಒಂದು ದಿನ ಎಲ್ಲರನ್ನೂ ಕರೆಯಿರಿ. ಈ ದಿನ ತಪ್ಪಿಸಿದರೆ ಮೂರು ದಿನದ ಕೆಲಸ ಅರ್ಧ ವ್ಯರ್ಥ. ಪ್ರತಿಯೊಬ್ಬರೂ ಒಬ್ಬ ರೋಗಿಯ ಕಥೆ ತರಬೇಕು, ಸೋತ ಕಥೆಯಾದರೂ ಸರಿ.

ಒಂದು ಬ್ಯಾಚಿನಲ್ಲಿ ಆಂಬುಲೆನ್ಸ್ ಡ್ರೈವರ್ ಮೂರು ದಿನವೂ ಬಾಗಿಲ ಹತ್ತಿರ ಕೂತಿದ್ದರು. ಒಂದು ಮಾತಾಡಿರಲಿಲ್ಲ. ತಿಂಗಳಾದ ಮೇಲೆ ಬಂದು ಎಲ್ಲರ ಕೊನೆಗೆ ಹೇಳಿದರು. ಕಲಬುರಗಿಯಿಂದ ಚಿಂಚೋಳಿ ಆಚೆ ಒಂದು ಊರಿಗೆ ಒಬ್ಬ ಮುತ್ಯಾನನ್ನು ಕರೆದೊಯ್ಯುತ್ತಿದ್ದರಂತೆ. ಮಗ ಮುಂದಿನ ಸೀಟಿನಲ್ಲಿ ಕೂತು ಫೋನಲ್ಲಿ ಅಳುತ್ತಿದ್ದ. ಇವರು ದಾರಿಯಲ್ಲಿ ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿ, ಮಗನನ್ನು ಇಳಿಸಿ ಹಿಂದೆ ಅಪ್ಪನ ತಲೆಯ ಹತ್ತಿರ ಕೂರಿಸಿದರಂತೆ. ಕರ್ಚೀಫು ಬಿಸ್ಲೇರಿ ನೀರಲ್ಲಿ ಅದ್ದಿ ಹಿಂಡಿ, ತುಟಿಗೆ ಹಚ್ಚುವುದು ಹೇಗೆ ಅಂತ ತೋರಿಸಿದರಂತೆ. ಆಮೇಲೆ ಹಂಪು ಬಂದಲ್ಲೆಲ್ಲ ನಿಧಾನ ಮಾಡಿ, ಊರು ಮುಟ್ಟಲು ಮುಕ್ಕಾಲು ತಾಸು ತಡವಾಯಿತಂತೆ.

‘ಗಾಡಿ ಹಂಗ ನಿಲ್ಲಿಸಬಾರದು ಅಂತದ ರೂಲ್. ನಾ ಮಾಡಿದ್ದು ಸರಿ ಅದೇನ್ರಿ ಸಿಸ್ಟರ್?’ ಅಂತ ಕೇಳಿದರು.

ನಾನು ಉತ್ತರ ಕೊಡುವ ಮೊದಲೇ ಆಳಂದದ ಆಶಾ ಒಬ್ಬಳು ಎದ್ದು ಹೋಗಿ ಅವರಿಗೆ ಕುರ್ಚಿ ತಂದು ವೃತ್ತದೊಳಗೆ ಹಾಕಿದಳು. ಆವತ್ತಿನಿಂದ ಡ್ರೈವರ್‌ಗಳ ಪಾಠ ಅರ್ಧ ತಾಸಿನದ್ದಲ್ಲ, ಒಂದೂವರೆ ತಾಸಿನದ್ದು. ನಿಂತ ಆಂಬುಲೆನ್ಸಿನೊಳಗೇ ಮಾಡುತ್ತೇವೆ, ಒಬ್ಬರನ್ನು ಸ್ಟ್ರೆಚರ್ ಮೇಲೆ ಮಲಗಿಸಿ.